ಹಳೆಯ ಯೆಜ್ಡಿಯ ಕಿಡಿ ಕೆಟ್ಟಾಗ

ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಬಿಡಿಸಬೇಕು. ಅರಳುವ ಮುನ್ನ ಮಾರುಕಟ್ಟೆಗೆ ಮುಟ್ಟಿಸಬೇಕು. ಹೂವಿನಹಡಗಲಿಯ ಬಳಿ ಮಲ್ಲಿಗೆಯ ತೋಟವಿರುವ ನನ್ನ ಸೋದರಮಾವನವರು ಈ ಕೆಲಸಕ್ಕೆ ಇಂದಿಗೂ ನಂಬಿರುವುದು ಒಂದು ಹಳೆಯ ಯೆಜ್ಡಿ ಮೋಟಾರುಸೈಕಲನ್ನು. ಕಳೆದ ಬೇಸಗೆಯಲ್ಲಿ ಅದಕ್ಕೊಂದು ವಿಚಿತ್ರವಾದ ರೋಗ ತಗುಲಿತು. ಮುಂಜಾನೆ ಒಂದೇ ಒದೆತಕ್ಕೆ ಹೊರಡುವುದು. ಐದಾರು ಕಿಲೋಮೀಟರು ಓಡಿ ಮೈ ಕಾದೊಡನೆ ಕೆಮ್ಮಿ ನಿಲ್ಲುವುದು. ಅರ್ಧ ಗಂಟೆ ತಣಿದರೆ ಏನೂ ಆಗದಂತೆ ಮತ್ತೆ ಓಡುವುದು. ಅಷ್ಟರಲ್ಲಿ ಹೂವನ್ನು ಒಯ್ಯುವ ಬಸ್ಸು ಹೋಗಿರುತ್ತಿತ್ತು. ಪ್ಲಗ್ಗು, ಬ್ಯಾಟರಿ, ಕಾಯಿಲು ಮೂರನ್ನೂ ಬದಲಾಯಿಸಿದ್ದಾಯಿತು; ರೋಗ ಹೋಗಲಿಲ್ಲ. "ಅಳಿಯಾ, ಇದನ್ನಿನ್ನು ಗುಜರಿಗೆ ಹಾಕೋದೇ ಸೈ" ಎಂದರು ಮಾವ.

ಜೆಕೊಸ್ಲೊವಾಕಿಯದ ಜಾವಾ ವಾಹನದ ಮಾದರಿಯನ್ನು ಅನುಸರಿಸಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಮೊದಲಲ್ಲಿ ಈ ಬಗೆಯ ವಾಹನಗಳನ್ನು ತಯಾರಿಸತೊಡಗಿತು; ಮುಂದಿನ ದಶಕದಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದುದರಿಂದ ಹಳೆಯ ಯೆಜ್ಡಿಯ ಬಿಡಿಭಾಗಗಳನ್ನು ಹುಡುಕಿ ತರಬೇಕು. ಊಹೆಯಿಂದ ಒಂದೊಂದನ್ನೇ ಬದಲಾಯಿಸುತ್ತ ಹೋಗುವುದು ದುಬಾರಿಯ ಚಿಕಿತ್ಸೆ.

ಆರು ವೋಲ್ಟಿನ ಬ್ಯಾಟರಿಯಿಂದ ಸಾವಿರಾರು ವೋಲ್ಟಿನ ಕಿಡಿ ಹೊರಡುವುದು ಹೇಗೆ? ಕಾಯಿಲಿನಲ್ಲಿ ಎರಡು ಸುರುಳಿಗಳಿವೆ: ಒಂದರಲ್ಲಿ ದಪ್ಪ ತಂತಿಯ ಕೆಲವು ಸುತ್ತುಗಳು, ಇನ್ನೊಂದರಲ್ಲಿ ಎಳೆ ತಂತಿಯ ಸಾವಿರಾರು ಸುತ್ತುಗಳು. ಮೊದಲನೆಯದರಲ್ಲಿ ಪ್ರವಾಹ ಹರಿದಾಗ ಕಾಂತಕ್ಷೇತ್ರ ಮೂಡುತ್ತದೆ. ಕ್ಷೇತ್ರ ಬದಲಾದಾಗ ಮಾತ್ರ ಎರಡನೆಯದರಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆಂಬುದು 1831ರಲ್ಲಿ ಫ್ಯಾರಡೆ ಕಂಡುಕೊಂಡ ಸಂಗತಿ. ಬದಲಾವಣೆ ಎಷ್ಟು ಕ್ಷಿಪ್ರವೋ ವೋಲ್ಟೇಜು ಅಷ್ಟು ಹೆಚ್ಚು. ಪಾಯಿಂಟುಗಳು ಕೂಡಿದಾಗ ಕಿಡಿ ಹಾರುತ್ತದೆಂದು ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಬರೆಯುತ್ತಾರೆ. ಹಾಗಲ್ಲ, ಅವು ಅಗಲಿದ ಕ್ಷಣದಲ್ಲಿ ಹಾರುತ್ತದೆ.

ಇಲ್ಲೊಂದು ತೊಡಕಿದೆ. ಓಡುತ್ತಿರುವ ಬಂಡಿಯಂತೆ ಹರಿಯುತ್ತಿರುವ ಪ್ರವಾಹವೂ ಥಟ್ಟನೆ ನಿಲ್ಲದು. ಪಾಯಿಂಟುಗಳು ಅಗಲಿದರೂ ನಡುವಣ ಸಂದನ್ನು ಜಿಗಿದು ಮುಂದುವರಿಯಲು ಹವಣಿಸುತ್ತದೆ. ಆಗ ಕ್ಷೇತ್ರ ನಿಧಾನವಾಗಿ ಕುಸಿದು ಪ್ಲಗ್ಗಿನ ಕಿಡಿ ಸೊರಗುತ್ತದೆ. ಪಾಯಿಂಟುಗಳ ಮೈಯೂ ಸುಡುತ್ತದೆ. ಪಾಯಿಂಟುಗಳಿಗೆ ಪಕ್ಕದಾರಿಯಾಗಿ ಕಂಡೆನ್ಸರನ್ನು ಜೋಡಿಸುವುದು ಈ ಕಾರಣಕ್ಕೆ. ಜಿಗಿಯಬೇಕಾದ ಪ್ರವಾಹ ಅದರೊಳಗೆ ಸೇರಿಕೊಳ್ಳುತ್ತದೆ, ಕ್ಷೇತ್ರ ಒಮ್ಮೆಲೇ ಕುಸಿಯುತ್ತದೆ. ಪ್ರೇರಣ ಸುರುಳಿಗೆ ಈ ಉಪಾಯವನ್ನು 1853ರಲ್ಲಿ ಸೇರಿಸಿದವನು ಫ್ರಾನ್ಸಿನ ಫಿಜೋ. ಬೆರಳ ತುದಿಯಷ್ಟಿರುವ ಈ ಡಬ್ಬಿಯ ಒಳಗೆ ಲೋಹದ ತೆಳು ಹಾಳೆಗಳೂ ನಡುವೆ ನಿರೋಧಕ ಪದರಗಳೂ ಸುರುಳಿಯಾಗಿ ಸುತ್ತಿಕೊಂಡಿವೆ. ಎಂಜಿನ್ನಿನ ಬಿಸಿಯ ಪಕ್ಕದಲ್ಲೇ ಅದರ ಬಾಳು. ಹಳೆಯದಾದಂತೆ ಕಾದಾಗ ಮಾತ್ರ ಸೋರುವ ಇಲ್ಲವೆ ಬೆಸುಗೆ ಬಿಡುವ ದೋಷ ಅದರಲ್ಲಿ ಸಾಮಾನ್ಯ.

ಮಾವನ ವಾಹನದ ಪ್ಲಗ್ಗನ್ನು ಹೊರತೆಗೆದು ಒದ್ದು ನೋಡಿದ ಮೆಕ್ಯಾನಿಕ್ಕು "ಕಿಡಿ ಬರ್ತಾ ಇದೆ" ಎಂದಿದ್ದನಂತೆ. ಅವನು ಕಂಡದ್ದು ಸುಳ್ಳಲ್ಲ. ಆದರೆ ಬಯಲಿನಲ್ಲಿ ಹಾರುವ ಕಿಡಿ ಸಿಲಿಂಡರಿನಲ್ಲಿ ಹಾರಬೇಕೆಂದಿಲ್ಲ. ಅಲ್ಲಿ ಅದುಮಿದ ಅನಿಲ ದಟ್ಟವಾಗಿರುತ್ತದೆ. ಅದೇ ಸಂದನ್ನು ದಾಟಲು ಹಲವು ಪಟ್ಟು ವೋಲ್ಟೇಜು ಬೇಕು. ಆದ್ದರಿಂದ ನಾವು ಪ್ಲಗ್ಗನ್ನು ಸ್ವಸ್ಥಾನದಲ್ಲೇ ಬಿಟ್ಟು, ಅದರ ತಂತಿಯ ತುದಿಯನ್ನು ಒಣ ಮರದ ಚಿಮುಟದಲ್ಲಿ ಹಿಡಿದು, ಸಿಲಿಂಡರಿನ ಲೋಹದಿಂದ ಐದಾರು ಮಿಲಿಮೀಟರು ದೂರವಿರಿಸಿ ಒದ್ದೆವು. (ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ಈ ಪರೀಕ್ಷೆ ಕೂಡದು, ಬರಿಗೈಯಲ್ಲಂತೂ ತಂತಿಯನ್ನು ಹಿಡಿಯಲೇಬಾರದು.) ತಣ್ಣಗಿದ್ದಾಗ ನೀಲಿಯ ಕಿಡಿ ಸಂದನ್ನು ದಾಟಿತು. ಓಡಿಸಿ ಕಾಯಿಸಿ ತಂದ ಮೇಲೆ ದಾಟಲಿಲ್ಲ.

ಕಾದಾಗ ಕಾಯಿಲೂ ಹೀಗೆ ಕೈಕೊಡಬಹುದು. ಎರಡನ್ನೂ ಬೇರ್ಪಡಿಸುವ ಸಾಕ್ಷಿ ಪಾಯಿಂಟುಗಳಲ್ಲಿದೆ. ಬಲಬದಿಯ ಮುಚ್ಚಳ ತೆಗೆದು, ನೆರಳಿನಲ್ಲಿ ಮತ್ತೆ ಒದ್ದಾಗ ಪಾಯಿಂಟುಗಳ ನಡುವೆ ದಪ್ಪನೆಯ ಬೆಳಕು ಪಳಪಳನೆ ಮಿಂಚಿತು. ಹಳೆಯ ಕಂಡೆನ್ಸರಿನ ತಂತಿಯನ್ನು ಬಿಡಿಸಿ, ಒಳ್ಳೆಯದೆಂದು ತಿಳಿದಿದ್ದ ಇನ್ನೊಂದನ್ನು ತಾತ್ಕಾಲಿಕವಾಗಿ ಜೋಡಿಸಿದೆವು. ಮಿಂಚು ಅಡಗಿತು, ಕಿಡಿ ಮರಳಿತು.

ಪಾಯಿಂಟುಗಳನ್ನೂ ಬದಲಾಯಿಸಬೇಕಾಯಿತು. ಒಂದರ ಮೇಲೆ ಗುಡ್ಡ, ಎದುರಿನದರಲ್ಲಿ ಗುಳಿ ಎದ್ದಿದ್ದವು. ಎರಡು ಹೊಡೆತದ ಈ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ. ನಿಮಿಷಕ್ಕೆ 3,000 ಸುತ್ತಾದರೆ ಗಂಟೆಗೆ 1,80,000 ಸಲ ಪಾಯಿಂಟುಗಳು ಅಗಲಿ ಕೂಡುತ್ತವೆ. ಕ್ಯಾಮಿಗೆ ಉಜ್ಜುವ ಅವುಗಳ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ, ಕಿಡಿಯೂ ತಡವಾಗುತ್ತದೆ. ಆದುದರಿಂದ ಮೊದಲು ಸಂದು, ಆಮೇಲೆ ಕಿಡಿಯ ವೇಳೆ ಎಂಬ ಕ್ರಮವನ್ನು ತಪ್ಪಿಸಬಾರದು. ಪಾಯಿಂಟುಗಳು ಅತ್ಯಂತ ಅಗಲಿದ ಸ್ಥಾನದಲ್ಲಿ ಫೀಲರ್ ಗೇಜಿನಿಂದ 0.4 ಮಿಲಿಮೀಟರು ಇಟ್ಟು, ಕ್ಯಾಮಿಗೆ ಗ್ರೀಸನ್ನು ಸವರಿದಷ್ಟೇ ಹಚ್ಚಿದೆವು. ಹೆಚ್ಚಾದರೆ ಅದು ಪಾಯಿಂಟಿಗೆ ಸಿಡಿಯುತ್ತದೆ. ಕಂಡೆನ್ಸರು ಕೂರುವ ಲೋಹದ ಜಾಗವನ್ನೂ ಉಜ್ಜಿ ಹೊಳೆಯಿಸಬೇಕು, ಏಕೆಂದರೆ ಅದರ ಒಂದು ಧ್ರುವ ಆ ಡಬ್ಬಿಯೇ.

ಮರುದಿನ ಮಾವ ಬಸ್ಸಿಗೆ ಮೊದಲೇ ಹಡಗಲಿ ಮುಟ್ಟಿದರು. ಕೌತುಕಕ್ಕೆಂದು ಅವರು ತೆಗೆದಿಟ್ಟಿದ್ದ ಹಳೆಯ ಕಾಯಿಲನ್ನು ಮತ್ತೆ ಜೋಡಿಸಿ ನೋಡಿದೆವು. ಅದು ಕಾದ ಮೇಲೂ ನೆಟ್ಟಗೆ ಕೆಲಸ ಮಾಡಿತು.