ಬಂಗಾರ ಮತ್ತು ಭಂಗಾರ: ಹೊರಗಿಟ್ಟ ಕಸದ ಒಡೆತನವೂ ಮನೆಯ ಗುಟ್ಟೂ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಚಪಳಗಾಂವದಂಥ ಊರುಗಳಲ್ಲಿ ಕನ್ನಡ ಮತ್ತು ಮರಾಠಿ ಒಂದೇ ಓಣಿಯಲ್ಲಿ ಬಳಕೆಯಾಗುತ್ತವೆ. ಅಲ್ಲಿ ಕನ್ನಡದ ‘ಬಂಗಾರ’ಕ್ಕೂ ಮರಾಠಿಯ ‘ಭಂಗಾರ’ಕ್ಕೂ ಇರುವ ಅಂತರ ಒಂದು ಮಹಾಪ್ರಾಣದಷ್ಟು ಮಾತ್ರ. ಮೊದಲನೆಯದು ಚಿನ್ನ, ಎರಡನೆಯದು ತೂತುಬಿದ್ದ ಕೊಡ, ತುಕ್ಕು ಹಿಡಿದ ತಗಡು, ಮುರಿದ ಸೈಕಲ್ಲು. ಆಡುಗನ್ನಡದಲ್ಲಿ ಮಹಾಪ್ರಾಣ ಸಡಿಲವಾಗುವುದರಿಂದ ಎರಡು ಪದಗಳೂ ಕಿವಿಗೆ ಒಂದೇ ಆಗಿ ಕೇಳಿಸುವುದುಂಟು. ಮನೆಯವರಿಗೆ ಬೇಡವಾದದ್ದು ಮತ್ತೊಬ್ಬರ ಹೊಟ್ಟೆಪಾಡು ಆಗುವ ಲೋಕದಲ್ಲಿ ಈ ಧ್ವನಿಸಾಮ್ಯ ಅರ್ಥವಿಲ್ಲದ್ದೇನೂ ಅಲ್ಲ.

ಈ ಪಾಠದಲ್ಲಿ ಎರಡು ಪ್ರಶ್ನೆಗಳಿವೆ. ಮನೆಯವರು ಬೇಡವೆಂದು ಹೊರಗಿಟ್ಟ ವಸ್ತು ಯಾರದು? ಆ ವಸ್ತುವಿನಲ್ಲಿ ಉಳಿದುಹೋದ ಮನೆಯ ಸಂಗತಿ ಯಾರದು? ಮೊದಲನೆಯದು ಒಡೆತನದ ಪ್ರಶ್ನೆ, ಎರಡನೆಯದು ಖಾಸಗಿತನದ ಪ್ರಶ್ನೆ. ಸಾಮಾನ್ಯವಾಗಿ ಇವೆರಡನ್ನೂ ಒಂದೇ ಎಂದು ಭಾವಿಸಲಾಗುತ್ತದೆ: ‘ಅವರೇ ಬಿಸಾಡಿದ ಮೇಲೆ ನೋಡಿದರೇನು ತಪ್ಪು?’ ಎನ್ನುವ ಮಾತಿನಲ್ಲಿ ಈ ಗೊಂದಲವಿದೆ. ವಸ್ತುವಿನ ಒಡೆತನವನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಮನೆಯ ಗುಟ್ಟನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ ಎಂಬುದನ್ನು ನಾಲ್ಕು ಕ್ರಿಯಾಪದಗಳ ಮೂಲಕ ಪರಿಶೀಲಿಸಬಹುದು. ಅವು ಕೂಡಿಡು, ಮಾರು, ಒಪ್ಪಿಸು ಮತ್ತು ಒಗೆ.

1. ಕೂಡಿಡುವುದು: ತಿಪ್ಪೆ

ಕನ್ನಡದ ತಿಪ್ಪೆ, ಗಡಿಭಾಗದ ಮಾತಿನ ತಿಪ್ಪಿ, ಮರಾಠಿಯ ಉಕಿರಡಾ ಮೂರೂ ಒಂದನ್ನೇ ಹೇಳುತ್ತವೆ. ಸಗಣಿ, ಬೂದಿ, ಅಂಗಳ ಗುಡಿಸಿದ ಕಸ, ದನ ತಿಂದು ಬಿಟ್ಟ ಮೇವು ಇವೆಲ್ಲ ಅಲ್ಲಿ ಕೊಳೆತು ಗೊಬ್ಬರವಾಗುತ್ತವೆ. ಮಳೆಗಾಲಕ್ಕೆ ಮುಂಚೆ ಬಂಡಿಯಲ್ಲಿ ಹೊಲ ಸೇರುತ್ತವೆ. ಆದ್ದರಿಂದ ಒಕ್ಕಲುತನದ ಊರಿನಲ್ಲಿ ತಿಪ್ಪೆಯೆಂದರೆ ಆಸ್ತಿ. ಯಾರ ತಿಪ್ಪೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಊರಿಗೆ ತಿಳಿದಿರುತ್ತದೆ. ಒಬ್ಬರ ತಿಪ್ಪೆಯಿಂದ ಇನ್ನೊಬ್ಬರು ಗೊಬ್ಬರ ತುಂಬಿಕೊಂಡರೆ ಜಗಳ ಪಂಚರ ಮುಂದೆ ಬರುತ್ತದೆ. ‘ತಿಪ್ಪೆ ಹೋಗಿ ಉಪ್ಪರಿಗೆಯಾಯಿತು’ ಎಂಬ ಗಾದೆ ತಿಪ್ಪೆಯನ್ನು ಕೆಳಗಿನ ಸ್ಥಾನದಲ್ಲಿಟ್ಟರೂ ಒಕ್ಕಲಿಗನ ಲೆಕ್ಕದಲ್ಲಿ ಅದು ಕೀಳಲ್ಲ.

ತಿಪ್ಪೆಗೆ ಒಡೆಯನಿದ್ದಾನೆ, ಆದರೆ ಅದರಲ್ಲಿ ಗುಟ್ಟು ಕಡಿಮೆ. ಬೂದಿಗೆ ಹೆಸರಿಲ್ಲ, ಸಗಣಿಗೆ ವಿಳಾಸವಿಲ್ಲ. ಒಂದು ಮಳೆಗಾಲ ಕಳೆದರೆ ಎಲ್ಲವೂ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಇಂದಿನ ಪ್ಲಾಸ್ಟಿಕ್ ಚೀಲದ ಸ್ಥಿತಿ ಇದಕ್ಕೆ ವಿರುದ್ಧ. ಅದು ತನ್ನದೆಂದು ಯಾರೂ ಹೇಳುವುದಿಲ್ಲ. ಆದರೆ ಅದರೊಳಗೆ ಗುಳಿಗೆಯ ಖಾಲಿ ಪಟ್ಟಿ, ದವಾಖಾನೆಯ ಚೀಟಿ, ಬ್ಯಾಂಕಿನ ರಸೀದಿ, ಹೆಸರು ಮತ್ತು ಮೊಬೈಲ್ ಸಂಖ್ಯೆ ಅಚ್ಚಾದ ಕೊರಿಯರ್ ಲಕೋಟೆ ಇರುತ್ತವೆ. ಒಂದು ವಾರದ ಚೀಲವನ್ನು ಬಿಚ್ಚಿದವರಿಗೆ ಆ ಮನೆಯ ಕಾಯಿಲೆ, ಸಾಲ, ಊಟ, ಕುಡಿತ, ಗರ್ಭ, ಮುಟ್ಟು ಎಲ್ಲವೂ ತಿಳಿಯಬಲ್ಲವು. ಎಲ್ಲರಿಗೂ ಎಲ್ಲರ ಗುರುತಿರುವ ಸಣ್ಣ ಊರಿನಲ್ಲಿ ಇದರ ಪರಿಣಾಮ ಹೆಚ್ಚು. ಕ್ಷಯದ ಗುಳಿಗೆಯ ಪಟ್ಟಿಯೊಂದು ಬೀದಿಯಲ್ಲಿ ಸಿಕ್ಕರೆ ಅದು ಯಾವ ಮನೆಯದೆಂದು ಊಹಿಸುವುದಕ್ಕೆ ಹೊತ್ತು ಬೇಕಾಗಿಲ್ಲ; ಆ ಮನೆಯ ಮಗಳಿಗೆ ಬಂದ ಸಂಬಂಧ ತಪ್ಪಿಹೋಗುವುದಕ್ಕೂ ಹೊತ್ತು ಬೇಕಾಗಿಲ್ಲ.

2. ಮಾರುವುದು: ರದ್ದಿ ಮತ್ತು ಭಂಗಾರ

ಹಳೆಯ ಕಾಗದವನ್ನು ರದ್ದಿಯೆಂದು, ಹಳೆಯ ಲೋಹವನ್ನು ಭಂಗಾರವೆಂದು ತೂಗಿ ಮಾರುವ ರೂಢಿ ಎರಡೂ ಭಾಷೆಯ ಮನೆಗಳಲ್ಲಿದೆ. ಇಲ್ಲಿ ಒಡೆತನದ ವಿಷಯದಲ್ಲಿ ಸಂದೇಹವಿಲ್ಲ. ಹಣ ಪಡೆದ ಮೇಲೆ ವಸ್ತು ಕೊಂಡವನದು. ಆದರೆ ಕಾಗದದ ಮೇಲೆ ಬರೆದಿದ್ದೂ ಮಾರಾಟವಾಯಿತೇ?

ಸಂತೆಯಲ್ಲಿ ಶೇಂಗಾ ಕಟ್ಟಿಕೊಟ್ಟ ಪೊಟ್ಟಣವನ್ನು ಬಿಡಿಸಿದಾಗ ಯಾರದೋ ಉತ್ತರಪತ್ರಿಕೆ, ಯಾರದೋ ಅರ್ಜಿ, ಯಾರದೋ ಮನೆಗೆ ಬಂದ ಪತ್ರದ ತುಂಡು ಕಣ್ಣಿಗೆ ಬೀಳುವ ಅನುಭವ ಒಂದು ತಲೆಮಾರಿನವರಿಗೆಲ್ಲ ಪರಿಚಿತ. ರದ್ದಿಯವನು ಕೊಂಡದ್ದು ಕಾಗದದ ತೂಕವನ್ನು. ಕೊಟ್ಟವರು ಪಡೆದದ್ದು ಆ ತೂಕದ ಬೆಲೆಯನ್ನು. ಪತ್ರದೊಳಗಿನ ದುಃಖಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. ಬೆಲೆ ಕಟ್ಟದ ವಸ್ತು ಮಾರಾಟವಾಗಿದೆ ಎನ್ನಲಾಗದು. ವಸ್ತುವಿಗೂ ಅದು ಹೊತ್ತ ಸಂಗತಿಗೂ ಇರುವ ಭೇದ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗುತ್ತದೆ.

3. ಒಪ್ಪಿಸುವುದು: ಘಂಟಾಗಾಡಿ

ಮಹಾರಾಷ್ಟ್ರದ ಪಟ್ಟಣಗಳಲ್ಲಿ ಮನೆಮನೆಯ ಕಸ ಒಯ್ಯುವ ವಾಹನಕ್ಕೆ ಘಂಟಾಗಾಡಿಯೆಂಬ ಹೆಸರಿದೆ. ಗಂಟೆ ಕೇಳಿ ಮನೆಯವರು ಡಬ್ಬಿಯನ್ನು ಹೊರಗೆ ತರುತ್ತಾರೆ. ಇದು ಎಸೆಯುವುದಲ್ಲ, ಒಪ್ಪಿಸುವುದು. ಕೇಂದ್ರ ಸರಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಗರ, ಪಟ್ಟಣಗಳ ಮನೆಯವರಿಗೆ ಇದನ್ನೇ ವಿಧಿಸಿದವು: ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ಬೇರ್ಪಡಿಸಬೇಕು; ಬೀದಿಯಲ್ಲಿ ಚೆಲ್ಲಬಾರದು, ಸುಡಬಾರದು; ಅಧಿಕೃತವಾಗಿ ಸಂಗ್ರಹಿಸುವವರ ಕೈಗೆ ಕೊಡಬೇಕು. ಸ್ಯಾನಿಟರಿ ಪ್ಯಾಡು, ಮಕ್ಕಳ ಡೈಪರುಗಳನ್ನು ಭದ್ರವಾಗಿ ಸುತ್ತಿ ಕೊಡಬೇಕೆಂಬ ಮಾತೂ ಅದರಲ್ಲಿತ್ತು. ಆರೋಗ್ಯದ ಉದ್ದೇಶದಿಂದ ಬಂದ ಈ ಸುತ್ತುವಿಕೆ ಮರ್ಯಾದೆಯನ್ನೂ ಕಾಯುತ್ತದೆ.

ಡಬ್ಬಿ ಹೊಸ್ತಿಲ ಹೊರಗಿದ್ದು ಗಾಡಿ ಇನ್ನೂ ಬಂದಿಲ್ಲದ ನಡುವಿನ ಹೊತ್ತಿನಲ್ಲಿ ಕಸ ಯಾರದು? ಇಂಗ್ಲೆಂಡಿನ ನ್ಯಾಯಾಲಯವೊಂದು 1957ರಲ್ಲಿ ‘ವಿಲಿಯಮ್ಸ್ ವಿರುದ್ಧ ಫಿಲಿಪ್ಸ್’ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಡಬ್ಬಿಯಲ್ಲಿಟ್ಟ ಕಸ ವಾರಸುದಾರರಿಲ್ಲದ ವಸ್ತುವಲ್ಲ. ಒಯ್ಯುವವರೆಗೆ ಮನೆಯವರದು, ಒಯ್ದ ಮೇಲೆ ಸ್ಥಳೀಯ ಸಂಸ್ಥೆಯದು ಎಂದು ಅದು ತೀರ್ಮಾನಿಸಿತು. ಅದರಿಂದ ಏನನ್ನೋ ತೆಗೆದುಕೊಂಡ ಕಸದ ಕಾರ್ಮಿಕರು ಕಳ್ಳತನದ ಅಪರಾಧಿಗಳಾದರು.

ಈ ತರ್ಕವನ್ನು ಹಾಗೆಯೇ ನಮ್ಮ ಬೀದಿಗೆ ತಂದರೆ ಹೊಡೆತ ಬೀಳುವುದು ಚಿಂದಿ ಆಯುವವರಿಗೆ. ಅವರ ಕೈಯಲ್ಲಿ ಏನಿದ್ದರೂ ‘ಎಲ್ಲಿ ಕದ್ದಿದ್ದು?’ ಎಂಬ ಪ್ರಶ್ನೆ ಹಿಂದಿನಿಂದಲೂ ಬಂದಿದೆ. ಪುಣೆಯಲ್ಲಿ 1993ರಲ್ಲಿ ಹುಟ್ಟಿದ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ ಎಂಬ ಸಂಘಟನೆ ಕಸ ಆಯುವವರನ್ನು ದುಡಿಯುವವರೆಂದು ಗುರುತಿಸಬೇಕೆಂದು ಹೋರಾಡಿತು. ಗುರುತಿನ ಚೀಟಿ ಆ ಹೋರಾಟದ ಒಂದು ಫಲ. ಬೆಂಗಳೂರಿನಲ್ಲಿ ‘ಹಸಿರು ದಳ’ ಅದೇ ದಿಕ್ಕಿನಲ್ಲಿ ಕೆಲಸ ಮಾಡಿದೆ. 2016ರ ನಿಯಮಗಳೂ ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಆದ್ದರಿಂದ ಮನೆಯ ಗುಟ್ಟನ್ನು ಕಾಯುವ ಹೆಸರಿನಲ್ಲಿ ಆಯುವವರ ಅನ್ನವನ್ನು ಕಸಿಯುವುದು ಸರಿಯಾದ ದಾರಿಯಲ್ಲ. ಅವರಿಗೆ ಬೇಕಾದದ್ದು ಬಾಟಲಿ, ಕಾಗದ, ತಗಡು. ಮನೆಯ ಸುದ್ದಿಯಿಂದ ಅವರ ಚೀಲ ತುಂಬುವುದಿಲ್ಲ.

4. ಒಗೆಯುವುದು: ಬೀದಿ

ಗಡಿಭಾಗದ ಕನ್ನಡದಲ್ಲಿ ‘ಒಗೆ’ ಎಂಬ ಒಂದೇ ಧಾತುವಿಗೆ ಬಟ್ಟೆ ತೊಳೆಯುವ ಅರ್ಥವೂ ಬಿಸಾಡುವ ಅರ್ಥವೂ ಉಂಟು. ಒಗೆದ ಬಟ್ಟೆ ಮನೆಗೆ ಮರಳುತ್ತದೆ. ಒಗೆದ ಕಸವೂ ಮರಳಬಹುದೆಂಬುದಕ್ಕೆ ಕರ್ನಾಟಕದಲ್ಲಿ ಎರಡು ನಿದರ್ಶನಗಳಿವೆ.

2020ರಲ್ಲಿ ಕೊಡಗಿನ ಮಡಿಕೇರಿ ಬಳಿಯ ಕಡಗದಾಳು ಗ್ರಾಮದಲ್ಲಿ ಪ್ರವಾಸಿಗಳಿಬ್ಬರು ಪಿಜ್ಜಾ ಡಬ್ಬಿಗಳನ್ನು ರಸ್ತೆಬದಿಯಲ್ಲಿ ಬಿಟ್ಟುಹೋದರು. ಡಬ್ಬಿಯೊಡನೆ ಇದ್ದ ಬಿಲ್ಲಿನಲ್ಲಿ ಮೊಬೈಲ್ ಸಂಖ್ಯೆ ಇತ್ತು. ಸ್ಥಳೀಯರು ಕರೆ ಮಾಡಿದಾಗ ಅವರು ಆಗಲೇ ಸುಮಾರು 80 ಕಿಲೋಮೀಟರ್ ದೂರ ಸಾಗಿದ್ದರು. ಸಂಖ್ಯೆ ಸಾಮಾಜಿಕ ಜಾಲತಾಣಗಳಲ್ಲಿ ಹರಡಿ ನಾನಾ ಕಡೆಯಿಂದ ಕರೆಗಳು ಬರತೊಡಗಿದ ಮೇಲೆ ಅವರು ಮರಳಿ ಬಂದು ಡಬ್ಬಿಗಳನ್ನು ಎತ್ತಿಕೊಂಡು ಹೋದರು. ಎರಡನೆಯದು ಬೆಂಗಳೂರಿನದು. 2025ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯು ‘ಕಸ ಸುರಿಯುವ ಹಬ್ಬ’ ಎಂಬ ಹೆಸರಿನಲ್ಲಿ, ಬೀದಿಯಲ್ಲಿ ಕಸ ಎಸೆದವರ ಮನೆಯ ಮುಂದೆಯೇ ಕಸ ಸುರಿದು ದಂಡ ವಿಧಿಸಿತು.

ಎರಡೂ ಪ್ರಸಂಗಗಳಲ್ಲಿ ಎಸೆದವರ ತಪ್ಪು ನಿರ್ವಿವಾದ. ಎಸೆಯುವುದರಿಂದ ಹೊಣೆ ತೀರುವುದಿಲ್ಲ ಎಂಬ ಪಾಠವೂ ಸರಿಯಾದದ್ದೇ. ಆದರೂ ಓದುಗರು ಒಂದು ಭೇದವನ್ನು ಗಮನಿಸಬೇಕು. ಬಿಲ್ಲಿನ ಸಂಖ್ಯೆಗೆ ಕರೆ ಮಾಡಿ ‘ನಿಮ್ಮ ಕಸವನ್ನು ಒಯ್ಯಿರಿ’ ಎನ್ನುವುದು ಒಂದು ಕೆಲಸ; ಅದೇ ಸಂಖ್ಯೆಯನ್ನು ಜಗತ್ತಿಗೆ ಹಂಚುವುದು ಮತ್ತೊಂದು ಕೆಲಸ. ಮೊದಲನೆಯದು ಹೊಣೆಯನ್ನು ನೆನಪಿಸುತ್ತದೆ. ಎರಡನೆಯದು ಗುಟ್ಟನ್ನು ಒಡೆಯುತ್ತದೆ. ಇಂದು ಪಿಜ್ಜಾ ಬಿಲ್ಲಾಗಿದ್ದುದು ನಾಳೆ ದವಾಖಾನೆಯ ಚೀಟಿಯಾಗಿದ್ದರೆ ಅದನ್ನೂ ಹಂಚಬಹುದೇ ಎಂದು ಕೇಳಿಕೊಂಡರೆ ಭೇದ ತಿಳಿಯುತ್ತದೆ.

5. ಕಾನೂನಿನ ನೋಟ

1860ರ ಭಾರತೀಯ ದಂಡ ಸಂಹಿತೆಯ 403ನೆಯ ಕಲಮಿನಲ್ಲಿ ಎರಡು ಪುಟ್ಟ ನಿದರ್ಶನಗಳಿದ್ದವು. ಒಬ್ಬನಿಗೆ ಹೆದ್ದಾರಿಯಲ್ಲಿ ಒಂದು ರೂಪಾಯಿ ಸಿಗುತ್ತದೆ, ಅದು ಯಾರದೆಂದು ಗೊತ್ತಿಲ್ಲ, ಎತ್ತಿಕೊಂಡರೆ ಅಪರಾಧವಲ್ಲ. ಇನ್ನೊಬ್ಬನಿಗೆ ದಾರಿಯಲ್ಲಿ ಒಂದು ಪತ್ರ, ಅದರೊಳಗೆ ಒಂದು ನೋಟು ಸಿಗುತ್ತದೆ. ಪತ್ರದ ವಿಳಾಸದಿಂದ, ಒಕ್ಕಣೆಯಿಂದ ನೋಟು ಯಾರದೆಂದು ತಿಳಿಯುತ್ತದೆ. ಆದರೂ ಅದನ್ನು ತನ್ನದಾಗಿಸಿಕೊಂಡರೆ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಇದೇ ವಿಷಯವನ್ನು ಮುಂದುವರಿಸಿದೆ. ಹೆಸರು ತಿಳಿದ ಕ್ಷಣದಿಂದ ಎತ್ತಿಕೊಂಡವನ ಹೊಣೆ ಬದಲಾಗುತ್ತದೆ ಎಂಬುದು ಈ ನಿದರ್ಶನಗಳ ತಿರುಳು. ಕಳೆದುಹೋದ ನೋಟು ಬೇರೆ, ಬಿಟ್ಟುಬಿಟ್ಟ ಕಸ ಬೇರೆ ಎಂಬುದು ನಿಜ. ಆದರೆ ಹೆಸರಿಗೆ ಇರುವ ತೂಕ ಎರಡು ಕಡೆಯೂ ಒಂದೇ.

ಖಾಸಗಿತನದ ವಿಷಯದಲ್ಲಿ ಹೆಸರಾದ ತೀರ್ಪು ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಪೊಲೀಸರು ಒಬ್ಬನ ಮನೆಯ ಕಸದ ಚೀಲಗಳನ್ನು ಕಸದವರ ಮೂಲಕ ಪಡೆದು, ಬಿಚ್ಚಿ, ಮಾದಕ ವಸ್ತುವಿನ ಸುಳಿವು ಹಿಡಿದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 6–2ರ ಬಹುಮತದಿಂದ, ರಸ್ತೆಯಂಚಿಗೆ ಇಟ್ಟ ಕಸಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂದಿತು. ಪ್ರಾಣಿ, ಮಕ್ಕಳು, ದಾರಿಹೋಕರು ಯಾರು ಬೇಕಾದರೂ ಅದನ್ನು ಬಿಚ್ಚಬಹುದಾಗಿತ್ತು ಎಂಬುದು ಕಾರಣ. ಭಿನ್ನಮತದ ನ್ಯಾಯಮೂರ್ತಿ ಬ್ರೆನನ್ ಅವರು ಕಸದ ಚೀಲ ಮನುಷ್ಯನ ಅತ್ಯಂತ ಆಪ್ತ ಬದುಕನ್ನೇ ತೋರಿಸುತ್ತದೆ ಎಂದು ವಾದಿಸಿದರು.

ಭಾರತದ ನ್ಯಾಯಚಿಂತನೆ ಬೇರೊಂದು ದಾರಿ ಹಿಡಿದಿದೆ. 2004ರ ಕೆನರಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗ್ರಾಹಕನ ಕಾಗದ ಬ್ಯಾಂಕಿನ ಕೈಯಲ್ಲಿದ್ದ ಮಾತ್ರಕ್ಕೆ ಅದರ ಗೋಪ್ಯತೆ ಅಳಿಯುವುದಿಲ್ಲ, ಖಾಸಗಿತನವೆಂಬುದು ಸ್ಥಳಕ್ಕೆ ಅಂಟಿದ್ದಲ್ಲ, ವ್ಯಕ್ತಿಗೆ ಸೇರಿದ್ದು ಎಂಬ ನಿಲುವು ತಳೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಇವು ಕಸದ ಬಗೆಗಿನ ತೀರ್ಪುಗಳಲ್ಲ. ಆದರೂ ಇವುಗಳ ತರ್ಕವನ್ನು ಹೊಸ್ತಿಲಾಚೆಯ ಡಬ್ಬಿಗೆ ಅನ್ವಯಿಸಿದರೆ, ವಸ್ತು ಕೈ ದಾಟಿದರೂ ವ್ಯಕ್ತಿಯ ಹಕ್ಕು ದಾಟಿಲ್ಲ ಎಂದು ವಾದಿಸಬಹುದು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ವ್ಯಾಪ್ತಿ ಡಿಜಿಟಲ್ ರೂಪದ ಮಾಹಿತಿಗೆ ಸೀಮಿತವಾದ್ದರಿಂದ ಚೀಲದಲ್ಲಿ ಬಿದ್ದ ಚೀಟಿಯನ್ನು ಅದು ಕಾಯದು. ಅಲ್ಲಿ ಕಾಯಬೇಕಾದದ್ದು ನಡತೆ.

6. ಶರಣರ ನೇಮ

ನಡತೆಯ ಪ್ರಶ್ನೆಗೆ ಕನ್ನಡದ ಐಚ್ಛಿಕ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಇಬ್ಬರು ಶರಣೆಯರು ಬಿದ್ದ ವಸ್ತುವಿನ ಬಗ್ಗೆ ಖಚಿತವಾಗಿ ಯೋಚಿಸಿದ್ದಾರೆ. ಆಯ್ದಕ್ಕಿ ಮಾರಯ್ಯನದು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಆಸೆಯನ್ನು ಖಂಡಿಸಿ ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಗೇ ಹಿಂದಿರುಗಿಸಲು ಹೇಳಿದಳು. ಬಿದ್ದದ್ದು ಆಯುವವರದು, ಆದರೆ ಅಗತ್ಯದಷ್ಟು ಮಾತ್ರ ಎಂಬುದು ಲಕ್ಕಮ್ಮನ ಅಳತೆ.

ಶಂಭುಜಕ್ಕೇಶ್ವರ ಅಂಕಿತದ ಸತ್ಯಕ್ಕ ಭಕ್ತರ ಮನೆಯಂಗಳ ಗುಡಿಸುವ ಕಾಯಕದವಳೆಂದು ಸಂಪ್ರದಾಯ ಹೇಳುತ್ತದೆ. ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೂ ಕೈಮುಟ್ಟಿ ಎತ್ತುವುದಿಲ್ಲವೆಂಬುದು ಅವಳ ವಚನವೊಂದರ ಶಪಥ. ಇದನ್ನು ಲೋಭವಿಲ್ಲದ ಭಕ್ತೆಯ ಮಾತೆಂದಷ್ಟೇ ಓದುವುದು ರೂಢಿ. ಕಸ ಗುಡಿಸುವವಳ ಮಾತೆಂದು ಓದಿದರೆ ಅದಕ್ಕೆ ಮತ್ತೊಂದು ತೂಕ ಬರುತ್ತದೆ. ಪರರ ಅಂಗಳಕ್ಕೆ ದಿನವೂ ಹೋಗುವವರ ಮೇಲೆಯೇ ಮೊದಲ ಸಂಶಯ ಬೀಳುವುದು. ಆ ಸಂಶಯದ ಎದುರು ತನ್ನ ಪ್ರಾಮಾಣಿಕತೆಯನ್ನು ತಾನೇ ಸಾರಿಕೊಂಡ ದುಡಿಯುವ ಹೆಣ್ಣಿನ ದನಿ ಅಲ್ಲಿದೆ.

ಅವಳ ಕಾಲದ ಕಸದಲ್ಲಿ ಮೊಬೈಲ್ ಸಂಖ್ಯೆಯಿರಲಿಲ್ಲ. ಇಂದು ಅವಳ ನೇಮವನ್ನು ಕೈಯಿಂದ ಕಣ್ಣಿಗೂ, ಕಣ್ಣಿನಿಂದ ನಾಲಿಗೆಗೂ ವಿಸ್ತರಿಸಬೇಕಾಗಿದೆ: ಬಿದ್ದ ವಸ್ತುವನ್ನು ಅಗತ್ಯವಿದ್ದವರು ಎತ್ತಿಕೊಳ್ಳಲಿ, ಅದರಲ್ಲಿರುವ ಹೆಸರನ್ನು ಯಾರೂ ಎತ್ತದಿರಲಿ. ಆದರೆ ಈ ನೇಮದ ಭಾರವನ್ನು ಗುಡಿಸುವವರ ತಲೆಗಷ್ಟೇ ಹೊರಿಸುವುದು ಅನ್ಯಾಯ. ಚೀಟಿಯ ಮೇಲಿನ ಹೆಸರನ್ನು ಹರಿದು ಹಾಕುವುದು, ಗುಳಿಗೆಯ ಪಟ್ಟಿಯನ್ನು ಸುತ್ತಿಡುವುದು, ಡಬ್ಬಿಯನ್ನು ಗಾಡಿ ಬಂದಾಗಲೇ ಹೊರಗಿಡುವುದು ಮನೆಯವರ ಪಾಲಿನ ಕೆಲಸ. ನೆರೆಯವರ ಚೀಲ ನಾಯಿ ಎಳೆದು ಬಿಚ್ಚಿದ್ದರೆ, ಓದದೆ ಮುಚ್ಚುವುದು ನೆರೆಯವರ ಪಾಲಿನ ಕೆಲಸ.

ಅಭ್ಯಾಸಕ್ಕಾಗಿ

1. ನಿಮ್ಮ ಊರಿನ ಆಡುಮಾತಿನಲ್ಲಿ ಕಸ, ತಿಪ್ಪೆ, ರದ್ದಿ, ಭಂಗಾರ, ಕಚರಾ ಪದಗಳ ಅರ್ಥಭೇದವನ್ನು ಉದಾಹರಣೆ ಸಹಿತ ಬರೆಯಿರಿ.
2. ‘ಎಸೆ’, ‘ಚೆಲ್ಲು’, ‘ಒಗೆ’, ‘ಒಪ್ಪಿಸು’ ಕ್ರಿಯಾಪದಗಳಲ್ಲಿ ಒಡೆತನ ಹೇಗೆ ಬದಲಾಗುತ್ತದೆ? ಚರ್ಚಿಸಿರಿ.
3. ಲಕ್ಕಮ್ಮನ ಮತ್ತು ಸತ್ಯಕ್ಕನ ನಿಲುವುಗಳ ಸಾಮ್ಯ ಮತ್ತು ಭೇದವನ್ನು ವಿವರಿಸಿರಿ.
4. ಕಡಗದಾಳಿನ ಪ್ರಸಂಗದಲ್ಲಿ ಮೊಬೈಲ್ ಸಂಖ್ಯೆಯನ್ನು ಬಹಿರಂಗಪಡಿಸಿದ್ದು ಸರಿಯೇ? ಪರ ಮತ್ತು ವಿರೋಧ ವಾದಗಳನ್ನು ಮಂಡಿಸಿರಿ.