18 ಕೋಟಿಯ ಮದ್ದು ಹಾಡಿಗೆ ಬರುವುದು ಯಾವಾಗ?

ಪ್ರಶ್ನೆ: ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಆಶಾ ಕಾರ್ಯಕರ್ತೆ. ನಮ್ಮ ಹಾಡಿಗಳಲ್ಲಿ ಸಿಕಲ್ ಸೆಲ್ ಕಾಯಿಲೆಯ ಮಕ್ಕಳಿದ್ದಾರೆ. ಜೀನ್ ತಿದ್ದಿ ಗುಣಪಡಿಸುತ್ತಾರಂತೆ, ಅದಕ್ಕೆ ಕೋಟಿಗಟ್ಟಲೆ ಬೇಕಂತೆ. ಅಷ್ಟು ಬೆಲೆ ಏಕೆ? ನಮ್ಮಲ್ಲೇ ತಯಾರಿಸಲು ಆಗದೇ?

ಉತ್ತರ: ನೀವು ಕೇಳಿರುವುದು ಕ್ಯಾಸ್ಜೆವಿ ಎಂಬ ಚಿಕಿತ್ಸೆಯ ಸುದ್ದಿ ಇರಬೇಕು. 2023ರ ನವೆಂಬರ್‌ನಲ್ಲಿ ಬ್ರಿಟನ್, ಮರುತಿಂಗಳು ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ.

ಮಾತ್ರೆಯಾದರೆ ಒಂದೇ ಸಲಕ್ಕೆ ಲಕ್ಷಗಟ್ಟಲೆ ಮಾಡಿಟ್ಟುಕೊಳ್ಳಬಹುದು. ಇಲ್ಲಿ ರೋಗಿಯ ಜೀವಕೋಶಗಳೇ ಕಚ್ಚಾವಸ್ತು. ರಕ್ತ ಹುಟ್ಟಿಸುವ ಆಕರಕೋಶಗಳನ್ನು ಅವರ ರಕ್ತದಿಂದ ಯಂತ್ರದಲ್ಲಿ ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ವಿದ್ಯುತ್ ಮಿಡಿತ ಕೊಟ್ಟು, ಜೀನ್ ಕತ್ತರಿಸುವ ಕ್ರಿಸ್ಪರ್ ಸಾಧನವನ್ನು ಒಳಗೆ ಕಳಿಸುತ್ತಾರೆ. ಅದು ಬಿಸಿಎಲ್11ಎ ಎಂಬ ಜೀನಿನ ಕೆಲಸವನ್ನು ತಗ್ಗಿಸುತ್ತದೆ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ಕ್ರಮೇಣ ನಿಲ್ಲಲು ಮುಖ್ಯ ಕಾರಣ ಈ ಜೀನು. ಅದರ ಹಿಡಿತ ಸಡಿಲವಾದರೆ ಆ ಹಿಮೋಗ್ಲೋಬಿನ್ ಮತ್ತೆ ಹೆಚ್ಚುತ್ತದೆ, ರಕ್ತಕಣ ಕುಡುಗೋಲಿನಂತೆ ಬಾಗುವುದು ತಪ್ಪುತ್ತದೆ. ಸೋಂಕು ತಗುಲಿಲ್ಲ, ತಿದ್ದುಪಡಿ ಸರಿಯಾಗಿದೆ ಎಂದು ಪರೀಕ್ಷಿಸಿ, ಅತಿಶೀತದಲ್ಲಿಟ್ಟು ಆಸ್ಪತ್ರೆಗೆ ತಲುಪಿಸುವ ಹೊತ್ತಿಗೆ ಆರು ತಿಂಗಳೂ ಆಗಬಹುದು. ಇಷ್ಟೆಲ್ಲ ಒಬ್ಬರಿಗಾಗಿ, ಇನ್ನೊಬ್ಬರಿಗೆ ಮೊದಲಿನಿಂದ ಶುರು. ಕೋಶಗಳನ್ನು ಮರಳಿಸುವ ಮುಂಚೆ ಮಜ್ಜೆಯನ್ನು ಬರಿದುಮಾಡುವ ಕೀಮೋ ಬೇರೆ.

ರೋಗಿಯ ಕೋಶಗಳನ್ನೇ ಮಾರ್ಪಡಿಸಿ ಮರಳಿಸುವ ಚಿಕಿತ್ಸೆಗಳ ತಯಾರಿಕೆ ನಮ್ಮಲ್ಲೂ ಶುರುವಾಗಿದೆ, ಸದ್ಯ ಬೇರೆ ಕಾಯಿಲೆಗೆ. ರಕ್ತದ ಕ್ಯಾನ್ಸರ್‌ಗಾಗಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಬೆಳೆಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಅಮೆರಿಕದಲ್ಲಿ ಮೂರು ಕೋಟಿ ದಾಟುವ ಇಂಥ ಚಿಕಿತ್ಸೆ ನೆಕ್ಸ್‌ಕಾರ್19ರಿಂದ ಸುಮಾರು 40 ಲಕ್ಷಕ್ಕೆ ಇಳಿದಿದೆ. ಜೀನನ್ನು ಕೋಶದೊಳಕ್ಕೆ ಒಯ್ಯುವ ವೈರಸ್ ವಾಹಕವನ್ನು ಆಮದು ಮಾಡದೆ ಇಲ್ಲೇ ತಯಾರಿಸಿದ್ದು ಇದಕ್ಕೆ ದೊಡ್ಡ ಕಾರಣ. ಕೋಶಗಳನ್ನು ತೊಳೆದು ಬೆಳೆಸುವ ಕೆಲಸವನ್ನು ಗಾಳಿ ಸೋಕದ ಚೀಲ-ಕೊಳವೆಗಳಲ್ಲೇ ಮುಗಿಸುವ ಯಂತ್ರಗಳೂ ಬಂದಿರುವುದರಿಂದ ದೊಡ್ಡ ಆಸ್ಪತ್ರೆಯ ಆವರಣದಲ್ಲೇ ತಯಾರಿಕೆ ಸಾಧ್ಯವಾಗುತ್ತಿದೆ. ಆದರೂ 40 ಲಕ್ಷ ಹಾಡಿಯ ಕುಟುಂಬದ ಕೈಗೆಟುಕುವ ಹಣವಲ್ಲ.

ಸಿಕಲ್ ಸೆಲ್‌ಗೆ ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆ ಬಿರ್ಸಾ 101 ಎಂಬ ಕ್ರಿಸ್ಪರ್ ಚಿಕಿತ್ಸೆ ರೂಪಿಸಿದೆ. 2025ರ ನವೆಂಬರ್‌ನಲ್ಲಿ ಅದನ್ನು ಪ್ರಕಟಿಸಿದರು. ತಂತ್ರಜ್ಞಾನ ಪುಣೆಯ ಸೀರಂ ಸಂಸ್ಥೆಗೆ ಹೋಗಿದೆ. ಇದರ ಪ್ರಯೋಗಗಳಲ್ಲಿ ಜೇನುಕುರುಬ, ಯರವ, ಸೋಲಿಗರಂಥ ಸಮುದಾಯಗಳಿಗೆ ಜಾಗ ಸಿಗಬೇಕು, ಖರ್ಚನ್ನು ಸರ್ಕಾರವೇ ಹೊರಬೇಕು. ಅವರ ಭಾಷೆಯಲ್ಲಿ ವಿವರಿಸಿ, ಪೂರ್ತಿ ತಿಳಿದ ಮೇಲಷ್ಟೇ ಒಪ್ಪಿಗೆ ಕೇಳಬೇಕು.

ಆ ಚಿಕಿತ್ಸೆ ಕೈಗೆ ಸಿಗುವವರೆಗೆ ನಿಮ್ಮ ಹಾಡಿಗಳ ಮಕ್ಕಳು ಕಾಯುತ್ತ ಕೂರಬೇಕಿಲ್ಲ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದವರೆಗಿನವರಿಗೆ ತಪಾಸಣೆಯಿದೆ. ಹೈಡ್ರಾಕ್ಸಿಯೂರಿಯಾ ಎಂಬ ಔಷಧ ಕೂಡ ಅದೇ ಗರ್ಭಕಾಲದ ಹಿಮೋಗ್ಲೋಬಿನ್ ಹೆಚ್ಚಿಸುತ್ತದೆ, ಬೆಲೆಯೂ ಕಡಿಮೆ. ವೈದ್ಯರು ಬರೆದಂತೆ ಅದನ್ನು ತಪ್ಪದೆ ಕೊಡಿಸಿ, ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಿ. ಜ್ವರ, ಎದೆನೋವು, ಉಸಿರಾಟದ ತೊಂದರೆ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.