ಮೆದುಳಿನ ಚಟುವಟಿಕೆಯ ಮಾಪನ ಮತ್ತು ಇಂದ್ರಿಯ ಗ್ರಹಿಕೆ: ಪರೀಕ್ಷಾ ಟಿಪ್ಪಣಿ

ವ್ಯಾಖ್ಯೆ
- ಸಂವೇದನೆ: ಇಂದ್ರಿಯವು ಪ್ರಚೋದನೆಯನ್ನು ಸ್ವೀಕರಿಸುವುದು.
- ಗ್ರಹಿಕೆ: ಮೆದುಳು ಅದಕ್ಕೆ ಅರ್ಥ ಕೊಡುವುದು.

ಮಾಪನ ವಿಧಾನಗಳು
1. ಇಇಜಿ: ನೆತ್ತಿಯ ಮೇಲಿನ ಎಲೆಕ್ಟ್ರೋಡ್‌ಗಳಿಂದ ವಿದ್ಯುತ್ ಚಟುವಟಿಕೆಯ ದಾಖಲೆ. ಮಾನವರಲ್ಲಿ ಮೊದಲು: ಹ್ಯಾನ್ಸ್ ಬರ್ಗರ್ (ಜರ್ಮನಿ), 1924, ಪ್ರಕಟಣೆ 1929.
2. ಎಂಇಜಿ: ನರಕೋಶಗಳ ವಿದ್ಯುತ್ತಿನಿಂದ ಉಂಟಾಗುವ ಕಾಂತಕ್ಷೇತ್ರ. ಡೇವಿಡ್ ಕೋಹೆನ್, 1968.
3. ಪೆಟ್: ವಿಕಿರಣಶೀಲ ವಸ್ತು ಚುಚ್ಚಿ, ಗ್ಲೂಕೋಸ್ ಬಳಕೆ ಅಥವಾ ರಕ್ತಸಂಚಾರದ ಅಳತೆ.
4. ಎಫ್‌ಎಂಆರ್‌ಐ: ರಕ್ತದ ಆಮ್ಲಜನಕ ಮಟ್ಟದ ಬದಲಾವಣೆ (ಬೋಲ್ಡ್ ಸಂಕೇತ). ಸೆಯ್ಜಿ ಒಗಾವಾ, 1990.

ಇಂದ್ರಿಯ – ಮೆದುಳಿನ ಭಾಗ
- ದೃಷ್ಟಿ: ಆಕ್ಸಿಪಿಟಲ್ ಹಾಲೆ (ಹಿಂಭಾಗ)
- ಶ್ರವಣ: ಟೆಂಪೊರಲ್ ಹಾಲೆ (ಪಕ್ಕ)
- ಸ್ಪರ್ಶ: ಪರೈಟಲ್ ಹಾಲೆ (ಮೇಲ್ಭಾಗ)
- ರುಚಿ: ಇನ್ಸುಲಾ
- ಥಾಲಮಸ್ ಮೂಲಕ ಹೋಗದೆ ನೇರವಾಗಿ ಕಾರ್ಟೆಕ್ಸ್ ತಲುಪುವ ಇಂದ್ರಿಯ: ವಾಸನೆ

ನೊಬೆಲ್ (ವೈದ್ಯಕೀಯ)
- 1981: ಹ್ಯೂಬೆಲ್, ವೀಸೆಲ್ – ದೃಷ್ಟಿ ಮಾಹಿತಿಯ ಸಂಸ್ಕರಣೆ (ಜೊತೆಗೆ ಸ್ಪೆರಿ – ಮೆದುಳಿನ ಅರ್ಧಗೋಳಗಳು)
- 2004: ಆಕ್ಸೆಲ್, ಬಕ್ – ವಾಸನೆ
- 2021: ಜೂಲಿಯಸ್, ಪಟಪೌಟಿಯನ್ – ತಾಪ ಹಾಗೂ ಸ್ಪರ್ಶ ಗ್ರಾಹಕಗಳು

ಗೊಂದಲ ಬೇಡ
- ಇಇಜಿ = ಮೆದುಳು; ಇಸಿಜಿ = ಹೃದಯ.
- ಎಂಆರ್‌ಐ = ರಚನೆ; ಎಫ್‌ಎಂಆರ್‌ಐ = ಕಾರ್ಯ.
- 'ಯಾವಾಗ' ಎಂಬುದನ್ನು (ಮಿಲಿಸೆಕೆಂಡ್) ಇಇಜಿ ನಿಖರವಾಗಿ ಹೇಳುತ್ತದೆ. 'ಎಲ್ಲಿ' ಎಂಬುದನ್ನು (ಮಿಲಿಮೀಟರ್) ಎಫ್‌ಎಂಆರ್‌ಐ.
- ಎಫ್‌ಎಂಆರ್‌ಐ ನರಕೋಶದ ವಿದ್ಯುತ್ತನ್ನು ನೇರವಾಗಿ ಅಳೆಯುವುದಿಲ್ಲ.
- ಅಯಾನೀಕರಿಸುವ ವಿಕಿರಣ: ಪೆಟ್‌ನಲ್ಲಿ ಉಂಟು, ಇಇಜಿ, ಎಂಇಜಿ, ಎಫ್‌ಎಂಆರ್‌ಐಗಳಲ್ಲಿ ಇಲ್ಲ.
- ಆಲ್ಫಾ ಅಲೆ (8–13 ಹರ್ಟ್ಸ್): ಕಣ್ಣು ಮುಚ್ಚಿದಾಗ ಹೆಚ್ಚು, ತೆರೆದಾಗ ಕಡಿಮೆ.